ಪರಿಷೆಯ ಬಯಲು

ಜಾತ್ರೆ ಎಂದೊಡನೆ ತೇರು, ಪಲ್ಲಕ್ಕಿ, ದಾಸೋಹಗಳು ಸದ್ಭಕ್ತರ ಕಣ್ಣಮುಂದೆ ನಿಲ್ಲುತ್ತವೆ. ಚರಿತ್ರೆಯನ್ನು ಅರಸುವವನಾದರೋ ತೇರಿನ ಬೀದಿಯಿಂದ ತುಸು ಸರಿದು, ರಾಸುಗಳನ್ನು ಕಟ್ಟಿರುವ ಬಯಲಿಗೆ ಹೋಗಬೇಕು.

ಸುತ್ತೂರಿನ ಜಾತ್ರೆ ಪುಷ್ಯಮಾಸದ ಕಡೆಯಲ್ಲಿ ಮೊದಲಾಗುತ್ತದೆ. ಸಿದ್ಧಗಂಗೆಯದು ಮಹಾಶಿವರಾತ್ರಿಯ ಹೊತ್ತಿಗೆ. ಕಣದ ಕೆಲಸ ತೀರಿ, ಮುಂಗಾರಿನ ಉಳುಮೆ ಇನ್ನೂ ತೊಡಗದ ಬಿಡುವಿನ ಕಾಲ ಅದು. ಹಿಂದೆ ಒಕ್ಕಲು ಮಕ್ಕಳು ಗಾಡಿ ಕಟ್ಟಿಕೊಂಡು ಸಂಸಾರಸಮೇತ ಬರುತ್ತಿದ್ದರು. ಗಂಡಸರು ಎತ್ತಿನ ಹಲ್ಲು ನೋಡಿ ವಯಸ್ಸು ಗೊತ್ತುಮಾಡುತ್ತಿದ್ದರೆ, ಹೆಂಗಸರು ಮೊರ, ಜರಡಿಗಳನ್ನು ತಟ್ಟಿ ಪರೀಕ್ಷಿಸುತ್ತಿದ್ದರು. ಹುಡುಗರು ಎರಡನ್ನೂ ನೋಡಿ ಕಲಿಯುತ್ತಿದ್ದರು. ಬಡಿಸುತ್ತಿದ್ದುದು ಮುತ್ತುಗದ ಎಲೆಯಲ್ಲಿ. ಉಂಡೆಸೆದ ಎಲೆ ತಿಪ್ಪೆ ಸೇರಿ ಗೊಬ್ಬರವಾಗುತ್ತಿತ್ತು. ತಟ್ಟೆ, ಲೋಟಗಳೂ ಸೇರಿದಂತೆ ಪ್ಲಾಸ್ಟಿಕ್ ವಸ್ತುಗಳನ್ನು ರಾಜ್ಯ ಸರ್ಕಾರ ನಿಷೇಧಿಸಬೇಕಾಗಿ ಬಂದದ್ದು 2016ರಲ್ಲಿ.

ದಕ್ಷಿಣದ ಪರಿಷೆಗಳ ಹೆಮ್ಮೆ ಹಳ್ಳಿಕಾರ್ ತಳಿ. ಇದೇ ವರ್ಗದ ರಾಸುಗಳಿಗೆ ಅರಮನೆಯ ಆಶ್ರಯವೂ ಇದ್ದಿತು. ಚಿಕ್ಕದೇವರಾಜ ಒಡೆಯರ (1673–1704) ಕಾಲದ ಬೆಣ್ಣೆಚಾವಡಿಯೇ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎನಿಸಿತು. ಆ ಎತ್ತುಗಳು ಸೈನ್ಯದ ಸಾಮಗ್ರಿಯನ್ನು ಎಳೆದವು. ಅವಕ್ಕೆ ಮೇಯಲು ಕಾವಲುಗಳಿದ್ದವು, ಲೆಕ್ಕವಿಡಲು ಅಧಿಕಾರಿಗಳಿದ್ದರು. ರೈತನ ಮನೆಯ ಹಳ್ಳಿಕಾರ್ ಕರುವಿಗೆ ಅಂತಹ ಭಾಗ್ಯವೆಲ್ಲಿ? ಅದರ ಯೋಗ್ಯತೆ ತೀರ್ಮಾನವಾದದ್ದು ಪರಿಷೆಯಲ್ಲಿ, ನೂರಾರು ಬಲ್ಲವರ ಎದುರಿನಲ್ಲಿ. ಒಳ್ಳೆಯ ಹೋರಿಗೆ ಬಂದ ಬೆಲೆಯೇ ಅದರ ವಂಶಕ್ಕೆ ದೊರೆತ ಮನ್ನಣೆ. ತಳಿಸಂರಕ್ಷಣೆ ಎಂಬ ಮಾತು ಹುಟ್ಟುವ ಮೊದಲೇ ಆ ಕಾರ್ಯ ಹೀಗೆ ನಡೆದಿತ್ತು.

ವಸ್ತುಪ್ರದರ್ಶನದ ಪದ್ಧತಿ ಬೇರೆ ಮೂಲದ್ದು. ಮೈಸೂರಿನ ದಸರಾ ವಸ್ತುಪ್ರದರ್ಶನ 1880ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಆರಂಭವಾಯಿತು. ಮಠಗಳು ಅದನ್ನು ಜಾತ್ರೆಯ ಬಯಲಿಗೆ ತಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಸಿದ್ಧಗಂಗೆಯ ಜಾತ್ರೆಗೆ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವನ್ನು ಜೋಡಿಸಿದವರು ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು (1907–2019). ದೇವರ ದರ್ಶನಕ್ಕೆ ಬಂದವನು ಬೇಸಾಯದ ಹೊಸ ವಿದ್ಯೆಯನ್ನೂ ಕಂಡು ಹೋಗಲೆಂಬುದು ಆ ಏರ್ಪಾಟಿನ ಆಶಯ.

ಆ ವಿದ್ಯೆ ಕಾಲಕ್ಕೆ ತಕ್ಕಂತೆ ಬದಲಾಯಿತು. ಸಿಎಸ್‌ಎಚ್–1 ಎಂಬ ಹೈಬ್ರಿಡ್ ಜೋಳ ಹೊರಬಂದದ್ದು 1964ರಲ್ಲಿ. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೂ ಅದೇ ವರ್ಷ. ಮುಂದಿನ ಎರಡು ದಶಕ ನಾಡಿನ ಕೃಷಿ ಪ್ರದರ್ಶನಗಳಲ್ಲಿ ರಸಗೊಬ್ಬರ, ಪಂಪುಸೆಟ್ಟು, ಟ್ರ್ಯಾಕ್ಟರುಗಳಿಗೇ ಅಗ್ರಪೂಜೆ. ಇಂದು ಅದನ್ನು ಹಳಿಯುವುದು ಸುಲಭ. 1965–66ರ ಬರವನ್ನೂ, ಅಮೆರಿಕದ ಗೋಧಿಗೆ ಕಾದು ಕುಳಿತ ದಿನಗಳನ್ನೂ ಕಂಡವರು ಹಾಗೆ ಹಳಿಯಲಾರರು. ಆದರೂ ಒಂದು ಸಂಗತಿಯನ್ನು ಮರೆಮಾಚಲಾಗದು: ಪ್ರದರ್ಶನದ ಮಳಿಗೆಯಲ್ಲಿ ನಿಂತ ಟ್ರ್ಯಾಕ್ಟರು ಪಕ್ಕದ ಬಯಲಿನ ಎತ್ತಿನ ಕೆಲಸವನ್ನು ಕಸಿದುಕೊಂಡಿತು. ಕೆಲಸ ತಪ್ಪಿದ ಎತ್ತಿಗೆ ಮೇವು ಹಾಕುವವರಾರು? ದೇಶದ ನಾಟಿ ದನಗಳ ಸಂಖ್ಯೆ 2012ರ ಗಣತಿಗಿಂತ 2019ರಲ್ಲಿ ಶೇಕಡ 6ರಷ್ಟು ಕುಗ್ಗಿತ್ತು.

ಈಗಿನ ಮೇಳಗಳು ಸಿರಿಧಾನ್ಯ, ನಾಟಿಬೀಜ, ಸಗಣಿಗೊಬ್ಬರಗಳ ಮಾತನ್ನಾಡುತ್ತಿವೆ. ಸುತ್ತೂರಿನ ಕೃಷಿಮೇಳದಲ್ಲಿ ಒಂದೇ ಎಕರೆಯಲ್ಲಿ ಹತ್ತು ಹಲವು ಬೆಳೆಗಳನ್ನು ಬೆಳೆದು ತೋರಿಸುತ್ತಾರೆ. ಚಿಕ್ಕ ಹಿಡುವಳಿಯವನಿಗೆ ನೂರು ಉಪನ್ಯಾಸಗಳಿಗಿಂತ ಅದು ಮೇಲು. ಆದರೆ ಸಗಣಿಯ ಮಹಿಮೆಯನ್ನು ಚಿತ್ರಪಟದಲ್ಲಿ ಬರೆದಿಟ್ಟು, ಸಗಣಿ ಹಾಕುವ ದನವೇ ಬಯಲಿಗೆ ಬಾರದಿದ್ದರೆ ಆ ಮೇಳ ಏನನ್ನು ಕಲಿಸೀತು?

2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದ ಅನೇಕ ಜಿಲ್ಲೆಗಳಲ್ಲಿ ದನಗಳ ಸಂತೆ, ಜಾತ್ರೆಗಳನ್ನು ನಿಷೇಧಿಸಲಾಯಿತು. ರೋಗ ತಡೆಯಲು ಅದು ಅವಶ್ಯವೇ ಆಗಿದ್ದಿತು. ಒಮ್ಮೆ ತಪ್ಪಿದ ಪರಿಷೆ ಮರಳಿ ಕೂಡಬೇಕಾದರೆ ಮಠದವರು ನೀರಿನ ತೊಟ್ಟಿ ತುಂಬಿಸಿ, ನೆರಳಿಗೆ ಚಪ್ಪರ ಹಾಕಿಸಿ, ಹುಲ್ಲಿನ ಬಣವೆಯನ್ನು ತೇರಿನ ಸಿದ್ಧತೆಗೂ ಮುಂಚೆ ಒಟ್ಟಿಸಿರಬೇಕು.