ಪ್ರೋಗ್ರಾಂ ‘ನಿದ್ರೆ’ಗೆ ಯಾವ ಗಡಿಯಾರ?

ಹತ್ತು ನಿಮಿಷ ಸುಮ್ಮನಿರುವಂತೆ ಗಣಕಯಂತ್ರದ ಪ್ರೋಗ್ರಾಂ ಒಂದಕ್ಕೆ ಸೂಚಿಸಿದರೆ, ಆ ಹತ್ತು ನಿಮಿಷಗಳನ್ನು ಎಣಿಸುವವರು ಯಾರು? ಪ್ರೋಗ್ರಾಂ ಅಂತೂ ಅಲ್ಲ. ಲಿನಕ್ಸ್, ವಿಂಡೋಸ್‌ನಂತಹ ಕಾರ್ಯಾಚರಣಾ ವ್ಯವಸ್ಥೆಯು ಅದನ್ನು ಕಾಯುವವರ ಸಾಲಿಗೆ ಸೇರಿಸಿ, ಪ್ರೊಸೆಸರನ್ನು ಬೇರೆ ಕೆಲಸಕ್ಕೆ ಹಚ್ಚುತ್ತದೆ. ಅವಧಿ ಮುಗಿದಾಗ ಟೈಮರ್ ಸಂಕೇತ ನೀಡುತ್ತದೆ.

ಸಂಕೇತ ಬಂದ ಕ್ಷಣವೇ ಪ್ರೋಗ್ರಾಂ ಏಳುತ್ತದೆ ಎಂಬ ಖಾತರಿಯಿಲ್ಲ. ವಿಂಡೋಸ್‌ನ ಟೈಮರ್ ಸಾಮಾನ್ಯವಾಗಿ ಸೆಕೆಂಡಿಗೆ 64 ಬಾರಿ, ಅಂದರೆ ಸುಮಾರು 15.6 ಮಿಲಿಸೆಕೆಂಡಿಗೊಮ್ಮೆ ಬಡಿಯುತ್ತದೆ. ಹಾಗಾಗಿ ಒಂದು ಮಿಲಿಸೆಕೆಂಡ್ ವಿರಾಮ ಕೇಳಿದರೂ ಅದರ ಹಲವು ಪಟ್ಟು ಕಾಯಬೇಕಾದೀತು. ಲಿನಕ್ಸ್‌ನಲ್ಲಿ ಸೂಕ್ಷ್ಮ ಟೈಮರ್‌ಗಳು ಬಂದಿವೆ. ಆದರೂ ಪ್ರೊಸೆಸರ್ ಬಿಡುವಾಗಿರಬೇಕಷ್ಟೆ.

ನಿಜವಾದ ತೊಡಕು ಇರುವುದು ಗಡಿಯಾರದ ಆಯ್ಕೆಯಲ್ಲಿ. ಪರದೆಯ ಮೂಲೆಯಲ್ಲಿ ಕಾಣುವ ಗಡಿಯಾರವನ್ನು ಯಾರಾದರೂ ತಿದ್ದಬಹುದು. ಅಂತರಜಾಲದ ಮೂಲಕ ಅದು ತಾನಾಗಿಯೂ ತಿದ್ದಿಕೊಳ್ಳುತ್ತದೆ. ಅದನ್ನೇ ನಂಬಿ ಮಲಗಿದ ಪ್ರೋಗ್ರಾಂ, ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ಸರಿಸಿದರೆ ಅಷ್ಟೂ ಹೊತ್ತು ಹೆಚ್ಚಾಗಿ ನಿದ್ರಿಸುತ್ತದೆ. ಇದಕ್ಕೆಂದೇ ‘ಮೊನೊಟಾನಿಕ್’ ಎಂಬ ಇನ್ನೊಂದು ಗಡಿಯಾರವಿದೆ. ಅದು ದಿನಾಂಕ ಹೇಳದು, ಆದರೆ ಎಂದೂ ಹಿಂದಕ್ಕೆ ಚಲಿಸದು. ಲಿನಕ್ಸ್‌ನ ‘ನ್ಯಾನೊಸ್ಲೀಪ್’ ಅವಲಂಬಿಸುವುದು ಇದನ್ನೇ. ಯಂತ್ರವನ್ನೇ ಸಸ್ಪೆಂಡ್ ಮಾಡಿದರೆ ಮಾತ್ರ ಈ ಎಣಿಕೆಯೂ ನಿಲ್ಲುತ್ತದೆ. ಆ ಅವಧಿಯನ್ನೂ ಸೇರಿಸಿ ಎಣಿಸುವ ‘ಬೂಟ್‌ಟೈಮ್’ ಗಡಿಯಾರ ಲಿನಕ್ಸ್‌ಗೆ ಬಂದದ್ದು 2011ರಲ್ಲಿ.

ಕೊಪ್ಪಳ ಜಿಲ್ಲೆಯ ಹಿಟ್ನಾಳಕ್ಕೆ ಸಮೀಪದ ಮುನಿರಾಬಾದ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯಿದೆ. ಅಲ್ಲಿನ ನೀರಿನ ಮಟ್ಟವನ್ನು ಹತ್ತು ನಿಮಿಷಕ್ಕೊಮ್ಮೆ ದಾಖಲಿಸುವ ಪ್ರೋಗ್ರಾಂ ಒಂದನ್ನು ಊಹಿಸಿಕೊಳ್ಳಿ. ಪ್ರತಿ ದಾಖಲೆಗೆ ಎರಡು ಸೆಕೆಂಡ್ ಬೇಕು. ನಂತರ ಹತ್ತು ನಿಮಿಷ ನಿದ್ರೆ. ದಿನವೊಂದು ಕಳೆಯುವಷ್ಟರಲ್ಲಿ ಅದು ಸುಮಾರು ನಾಲ್ಕೂಮುಕ್ಕಾಲು ನಿಮಿಷ ಹಿಂದೆ ಬಿದ್ದಿರುತ್ತದೆ. ‘ಇಷ್ಟು ಹೊತ್ತು ಮಲಗು’ ಎನ್ನುವ ಬದಲು ‘ಇಂಥ ಕ್ಷಣದವರೆಗೆ ಮಲಗು’ ಎಂದು ಆದೇಶಿಸಿದರೆ ಈ ಲೋಪ ಬೆಳೆಯದು. 2024ರ ಆಗಸ್ಟ್ 10ರ ರಾತ್ರಿ ಇದೇ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಂತಹ ಸಂದರ್ಭದಲ್ಲಿ ಪ್ರತಿ ನಿಮಿಷದ ಲೆಕ್ಕಕ್ಕೂ ಬೆಲೆಯಿದೆ.

ಒಂದೇ ಒಂದು ಸೆಕೆಂಡ್ ಕೂಡ ಅನಾಹುತ ಮಾಡಬಲ್ಲದು. ಭೂಮಿಯ ತಿರುಗುವಿಕೆಗೆ ಹೊಂದಿಸಲು 2012ರ ಜುಲೈ 1ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 5.30ಕ್ಕೆ ಸರಿಯಾಗಿ ಮುನ್ನ, ಜಗತ್ತಿನ ಗಡಿಯಾರಗಳಿಗೆ ಅಧಿಕ ಸೆಕೆಂಡ್ ಸೇರಿಸಲಾಯಿತು. ಲಿನಕ್ಸ್‌ನ ಮುಖ್ಯ ಗಡಿಯಾರ ಹಿಂದಕ್ಕೆ ಸರಿದರೂ ಸೂಕ್ಷ್ಮ ಟೈಮರ್‌ಗಳಿಗೆ ಆ ಸುದ್ದಿ ಮುಟ್ಟಲಿಲ್ಲ. ಮಲಗಬೇಕಿದ್ದ ಪ್ರೋಗ್ರಾಂಗಳು ತಕ್ಷಣವೇ ಎದ್ದು, ಮತ್ತೆ ಮಲಗಿ, ಮತ್ತೆ ಎದ್ದು ಪ್ರೊಸೆಸರುಗಳನ್ನು ದಣಿಸಿದವು. ರೆಡಿಟ್, ಮೊಜಿಲ್ಲಾದಂತಹ ತಾಣಗಳು ತತ್ತರಿಸಿದವು. ಆಗ ಕಂಡುಕೊಂಡ ತಾತ್ಕಾಲಿಕ ಪರಿಹಾರ ಬಲು ಸರಳ: ಯಂತ್ರಕ್ಕೆ ದಿನಾಂಕವನ್ನು ಇನ್ನೊಮ್ಮೆ ಹೇಳಿಕೊಟ್ಟರೆ ಸಾಕಿತ್ತು. ಅಧಿಕ ಸೆಕೆಂಡಿನ ಈ ಪದ್ಧತಿಯನ್ನು 2035ರೊಳಗೆ ಕೈಬಿಡಲು ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನ 2022ರಲ್ಲಿ ತೀರ್ಮಾನಿಸಿದೆ.