ವಯಸ್ಸಾಯ್ತಾ, ಇಲ್ಲಾ ಕೂತು ಕೂತು ಹೀಗಾಯ್ತಾ?

📌 ಭಾಗ 1/8

1966. ಅಮೆರಿಕದ ಡಲ್ಲಾಸ್ ನಗರ. 20 ವರ್ಷದ ಐದು ಜನ ಗಟ್ಟಿಮುಟ್ಟಾದ ಹುಡುಗರು. ಅವರಿಗೆ ಕೊಟ್ಟ ಕೆಲಸ ಕೇಳಿದ್ರೆ ಹೊಟ್ಟೆಕಿಚ್ಚು ಆಗುತ್ತೆ: ಮೂರು ವಾರ ಹಾಸಿಗೆಯಲ್ಲಿ ಮಲಗಿರಬೇಕು, ಅಷ್ಟೇ.

ಮೂರು ವಾರ ಆದ್ಮೇಲೆ ಅವರ ದಮ್ಮು ಅಳೆದರು. ಜೋರಾಗಿ ಓಡುವಾಗ ದೇಹ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನೋ ಅಳತೆ ಅದು. ಕಾಲು ಭಾಗಕ್ಕಿಂತ ಹೆಚ್ಚು ಇಳಿದುಹೋಗಿತ್ತು.

1996ರಲ್ಲಿ ಅದೇ ಐದು ಜನರನ್ನ ಮತ್ತೆ ಕರೆಸಿದರು. ಈಗ ಅವರಿಗೆ 50. ತೂಕ ಏರಿದೆ, ಬೊಜ್ಜು ಬಂದಿದೆ. ಆದರೂ ಅಂದು ಮೂರು ವಾರದ ಹಾಸಿಗೆ ಮಾಡಿದಷ್ಟು ನಷ್ಟವನ್ನ 30 ವರ್ಷದ ವಯಸ್ಸು ಮಾಡಿರಲಿಲ್ಲ! ಆರು ತಿಂಗಳು ನಡಿಗೆ, ಜಾಗಿಂಗ್, ಸೈಕಲ್ ಅಂತ ಅಭ್ಯಾಸ ಮಾಡಿಸಿದ ಮೇಲೆ ಕಳೆದುಹೋಗಿದ್ದ ದಮ್ಮು ವಾಪಸ್ ಬಂತು.

ಹಾಗಾದ್ರೆ ಒಂದು ಪ್ರಶ್ನೆ. ನಾವು ‘ವಯಸ್ಸಾಯ್ತು’ ಅಂತ ಕೈಬಿಡೋದರಲ್ಲಿ ವಯಸ್ಸಿನ ಪಾಲೆಷ್ಟು, ಹಾಸಿಗೆಯ ಪಾಲೆಷ್ಟು?

ಚರಿತ್ರೆಯಲ್ಲಿ ‘ಸುಮ್ನೆ ಮಲಗಿ’ ಅನ್ನೋ ಔಷಧಿಯನ್ನ ಧಾರಾಳವಾಗಿ ಬರೆದುಕೊಟ್ಟಿದ್ದು ಎರಡು ಗುಂಪಿಗೆ. ಹೆಂಗಸರಿಗೆ, ಮತ್ತೆ ವಯಸ್ಸಾದವರಿಗೆ. ಆ ಚೀಟಿ ಹರಿದುಹಾಕಿದವರ ಕಥೆ ಇದು. ಮುಂದೆ ಓದಿ 👇

📌 ಭಾಗ 2/8

1873. ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಆಗಿದ್ದ ಡಾಕ್ಟರ್ ಎಡ್ವರ್ಡ್ ಕ್ಲಾರ್ಕ್ ಒಂದು ಪುಸ್ತಕ ಬರೆದ. ಅದರ ಸಾರ: ಹುಡುಗೀರು ಹುಡುಗರ ಥರ ಓದಿದ್ರೆ ಶಕ್ತಿಯೆಲ್ಲ ಮಿದುಳಿಗೆ ಹೋಗುತ್ತೆ, ಗರ್ಭಕೋಶ ಸೊರಗುತ್ತೆ. ಮುಟ್ಟಿನ ದಿನಗಳಲ್ಲಂತೂ ಓದು ಬೇಡ, ವಿಶ್ರಾಂತಿ ಬೇಕು. ಪುರಾವೆ? ತನ್ನ ಹತ್ತಿರ ಬಂದ ಬೆರಳೆಣಿಕೆಯಷ್ಟು ರೋಗಿಗಳ ಕಥೆ. ಪುಸ್ತಕ ಬಿಸಿ ದೋಸೆ ಥರ ಖರ್ಚಾಯ್ತು.

ಇದಕ್ಕೆ ಉತ್ತರ ಕೊಟ್ಟವರು ನ್ಯೂಯಾರ್ಕ್‌ನ ಡಾಕ್ಟರ್ ಮೇರಿ ಪಟ್ನಮ್ ಜಾಕೋಬಿ. ಪ್ಯಾರಿಸ್‌ನಲ್ಲಿ ವೈದ್ಯಕೀಯ ಓದಿ ಬಂದಾಕೆ. ಇವರು ವಾದಕ್ಕೆ ವಾದ ಹೂಡಲಿಲ್ಲ, ಲೆಕ್ಕ ಹಾಕಿದರು. 1000 ಪ್ರಶ್ನಾವಳಿ ಹಂಚಿದರು, 268 ಹೆಂಗಸರು ಉತ್ತರ ಬರೆದು ಕಳಿಸಿದರು. ಎಷ್ಟು ನೋವು? ಎಷ್ಟು ದೂರ ನಡೀತೀರಿ? ಶಾಲೆಯಲ್ಲಿ ವ್ಯಾಯಾಮ ಇತ್ತಾ? ಅದರ ಜೊತೆಗೆ ಕೆಲವರ ನಾಡಿ, ಸ್ನಾಯುಬಲ ಎಲ್ಲಾ ತಿಂಗಳಿಡೀ ಅಳೆದರು.

ಸಿಕ್ಕ ಉತ್ತರ: ಆರೋಗ್ಯವಾಗಿರೋ ಹೆಣ್ಣಿಗೆ ಮುಟ್ಟು ಅನ್ನೋ ಒಂದೇ ಕಾರಣಕ್ಕೆ ವಿಶ್ರಾಂತಿ ಬೇಕೇ ಬೇಕು ಅನ್ನೋಕೆ ಆಧಾರ ಇಲ್ಲ. ಓದೋ ದಿನಗಳಲ್ಲಿ ವ್ಯಾಯಾಮ ಮಾಡಿದವರಿಗೆ ನೋವೇ ಕಮ್ಮಿ.

ಬರೆದವರ ಹೆಸರು ಕಾಣದ ಹಾಗೆ ಪ್ರಬಂಧ ಕಳಿಸೋ ಸ್ಪರ್ಧೆ ಅದು. 1876ರಲ್ಲಿ ಬಹುಮಾನ ಗೆದ್ದಿತು. ಕೊಟ್ಟವರು ಯಾರು ಗೊತ್ತಾ? ಹಾರ್ವರ್ಡ್! ಅದೇ ಹಾರ್ವರ್ಡ್‌ನ ವೈದ್ಯಕೀಯ ಕಾಲೇಜು ಹೆಣ್ಣುಮಕ್ಕಳಿಗೆ ಸೀಟು ಕೊಟ್ಟಿದ್ದು 1945ರಲ್ಲಿ. ಪುರಾವೆ ಗೆದ್ದ ಮಾತ್ರಕ್ಕೆ ಬಾಗಿಲು ತೆಗೆಯಲ್ಲ ನೋಡಿ.

📌 ಭಾಗ 3/8

ಅದೇ ಹೊತ್ತಿಗೆ ಫಿಲಡೆಲ್ಫಿಯಾದ ಡಾಕ್ಟರ್ ಸೈಲಾಸ್ ವಿಯರ್ ಮಿಚೆಲ್ ‘ವಿಶ್ರಾಂತಿ ಚಿಕಿತ್ಸೆ’ ಅಂತ ಒಂದನ್ನ ಜನಪ್ರಿಯ ಮಾಡಿದ. ಸುಸ್ತು, ಬೇಸರ, ನರದೌರ್ಬಲ್ಯ ಅಂತ ಬಂದ ಹೆಂಗಸರನ್ನ ಆರೆಂಟು ವಾರ ಹಾಸಿಗೆಗೆ ಹಾಕೋದು. ಹಾಲು ಕುಡಿಸೋದು, ತೂಕ ಏರಿಸೋದು. ಓದೋ ಹಾಗಿಲ್ಲ, ಬರೆಯೋ ಹಾಗಿಲ್ಲ. ಮೊದಮೊದಲು ಎದ್ದು ಕೂರೋಕೂ ಬಿಡ್ತಿರಲಿಲ್ಲ.

ಇಲ್ಲೊಂದು ತಮಾಷೆ ಇದೆ. ಮಲಗಿದ್ರೆ ಸ್ನಾಯು ಸೊರಗುತ್ತೆ ಅನ್ನೋದು ಮಿಚೆಲ್‌ಗೆ ಚೆನ್ನಾಗೇ ಗೊತ್ತಿತ್ತು. ಅದಕ್ಕೇ ದಿನಾ ಮಸಾಜ್ ಮಾಡಿಸ್ತಿದ್ದ, ಸ್ನಾಯುಗಳಿಗೆ ವಿದ್ಯುತ್ ಹರಿಸ್ತಿದ್ದ. ಅಂದ್ರೆ ಹೆಂಗಸಿನ ದೇಹಕ್ಕೆ ಚಲನೆ ಬೇಕು ಅಂತ ಒಪ್ಪಿದ್ದ. ಆಕೆಯೇ ಚಲಿಸೋದು ಮಾತ್ರ ಬೇಡ!

1887ರಲ್ಲಿ ಈ ಚಿಕಿತ್ಸೆಗೆ ಹೋದವರಲ್ಲಿ ಲೇಖಕಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಒಬ್ಬರು. ಮನೆಗೆ ಹೋಗಿ ಪೆನ್ನು ಮುಟ್ಟದೆ ಇರಿ ಅಂತ ಸಲಹೆ ಸಿಕ್ಕಿತು. ಹುಚ್ಚು ಹಿಡಿಯೋದೊಂದು ಬಾಕಿ. ಸಲಹೆ ಬಿಸಾಕಿ ಬರೆಯೋಕೆ ಕೂತರು. 1892ರಲ್ಲಿ ಬಂದ ಅವರ ‘ದ ಯೆಲ್ಲೋ ವಾಲ್‌ಪೇಪರ್’ ಕಥೆ ಇವತ್ತಿಗೂ ಇಂಗ್ಲಿಷ್ ಎಂ.ಎ. ಓದೋರಿಗೆ ಪರಿಚಿತ.

ಇನ್ನೊಂದು ಮಾತು. ಈ ವಿಶ್ರಾಂತಿ ದುಡ್ಡಿದ್ದ ಮನೆಯವರಿಗೆ ಮಾತ್ರ. ಮಿಲ್ಲಿನಲ್ಲಿ ದಿನವಿಡೀ ನಿಂತು ದುಡಿಯೋ ಹೆಣ್ಣಿನ ಗರ್ಭಕೋಶದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

📌 ಭಾಗ 4/8

ಈಗ ಲಂಡನ್‌ಗೆ ಬನ್ನಿ. 1894. ಮಸಾಜ್ ಹೆಸರಿನಲ್ಲಿ ಬೇರೆ ದಂಧೆ ನಡೆಯುತ್ತೆ ಅಂತ ಪತ್ರಿಕೆಗಳಲ್ಲಿ ಗುಲ್ಲೆದ್ದಿತ್ತು. ನಿಜವಾಗಿ ರೋಗಿಗಳ ಕೈಕಾಲು ಆಡಿಸಿ ಚಿಕಿತ್ಸೆ ಮಾಡೋ ನರ್ಸ್‌ಗಳ ಮರ್ಯಾದೆಗೂ ಕುತ್ತು ಬಂತು.

ಲೂಸಿ ರಾಬಿನ್ಸನ್, ರೋಸಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್. ಈ ನಾಲ್ಕು ಜನ ಸೇರಿ ಒಂದು ಸಂಘ ಕಟ್ಟಿದರು. ತರಬೇತಿ, ಪರೀಕ್ಷೆ, ಸರ್ಟಿಫಿಕೇಟ್, ಕಟ್ಟುನಿಟ್ಟಾದ ನಿಯಮ. 1920ರಲ್ಲಿ ಅದಕ್ಕೆ ರಾಜಮನ್ನಣೆ ಸಿಕ್ಕಿತು. ಅದೇ ಮುಂದೆ ಬ್ರಿಟನ್ನಿನ ಫಿಸಿಯೋಥೆರಪಿಸ್ಟ್‌ಗಳ ಸಂಘ ಆಯ್ತು.

ಬಿಪಿಟಿ ಓದ್ತಿರೋ ಗೆಳೆಯರೇ, ಯಾರಾದ್ರೂ ‘ಓ, ಮಸಾಜ್ ಕೋರ್ಸಾ?’ ಅಂತ ಕಿಸಕ್ ಅಂದ್ರೆ ಈ ಪೋಸ್ಟ್ ಕಳಿಸಿ. 130 ವರ್ಷದ ಹಿಂದೆಯೇ ಆ ಪ್ರಶ್ನೆಗೆ ಉತ್ತರ ಕೊಟ್ಟಾಗಿದೆ.

📌 ಭಾಗ 5/8

ಇನ್ನು ವಯಸ್ಸಾದವರು. 1935, ಲಂಡನ್ ಹೊರವಲಯದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ. ಪಕ್ಕದಲ್ಲಿದ್ದ ಬಡವರ ಆಸ್ಪತ್ರೆಯನ್ನೂ ಇದಕ್ಕೇ ಸೇರಿಸಿದರು. ಅಲ್ಲಿದ್ದ 714 ಹಾಸಿಗೆಗಳ ಹೊಣೆ ಡಾಕ್ಟರ್ ಮಾರ್ಜರಿ ವಾರೆನ್ ಹೆಗಲಿಗೆ ಬಿತ್ತು. ಬಹುತೇಕ ಮುದುಕ ಮುದುಕಿಯರು. ಲಕ್ವ ಹೊಡೆದವರು, ಬಿದ್ದು ಮೂಳೆ ಮುರಿದುಕೊಂಡವರು. ‘ವಾಸಿಯಾಗಲ್ಲ’ ಅಂತ ಹಣೆಪಟ್ಟಿ ಹಚ್ಚಿ ಮಲಗಿಸಿದ್ದರು, ಅಷ್ಟೇ.

ವಾರೆನ್ ಮಾಡಿದ್ದು ಬಹಳ ಸರಳ ಕೆಲಸ. ಒಬ್ಬೊಬ್ಬರನ್ನೂ ಪರೀಕ್ಷೆ ಮಾಡಿದರು. ನಿಜಕ್ಕೂ ಏನು ಕಾಯಿಲೆ, ಏನು ಮಾಡಿದ್ರೆ ಎದ್ದು ಕೂರಬಹುದು ಅಂತ ನೋಡಿದರು. ವಾರ್ಡಿಗೆ ಒಳ್ಳೆ ಬಣ್ಣ, ಬೆಳಕು. ಹಾಸಿಗೆಯಿಂದ ಎಬ್ಬಿಸಿ, ಬಟ್ಟೆ ತೊಡಿಸಿ, ಫಿಸಿಯೋಥೆರಪಿ ಮಾಡಿಸಿ ನಡೆಸಿದರು. ವರ್ಷಗಟ್ಟಲೆ ಮಲಗಿದ್ದವರಲ್ಲಿ ಎಷ್ಟೋ ಜನ ಎದ್ದು ಮನೆಗೆ ಹೋದರು! ವೃದ್ಧರ ವೈದ್ಯಕೀಯ ಅನ್ನೋ ಪ್ರತ್ಯೇಕ ವಿಭಾಗ ಬ್ರಿಟನ್‌ನಲ್ಲಿ ಬೆಳೆದಿದ್ದು ಈ ಬೇರಿನಿಂದ.

1947ರಲ್ಲಿ ರಿಚರ್ಡ್ ಆಷರ್ ಅನ್ನೋ ಲಂಡನ್ ವೈದ್ಯ ಹಾಸಿಗೆಯಿಂದಾಗೋ ಅಪಾಯಗಳ ಬಗ್ಗೆಯೇ ಲೇಖನ ಬರೆದರು. ರಕ್ತ ಹೆಪ್ಪುಗಟ್ಟುತ್ತೆ, ಮೂಳೆಯ ಕ್ಯಾಲ್ಸಿಯಂ ಕರಗುತ್ತೆ, ಬೆನ್ನಿಗೆ ಹುಣ್ಣಾಗುತ್ತೆ, ಮಲ ಕಟ್ಟುತ್ತೆ, ಮನಸ್ಸೂ ಕುಗ್ಗುತ್ತೆ. ಒಂದೊಂದಾಗಿ ಪಟ್ಟಿ ಮಾಡಿದರು.

📌 ಭಾಗ 6/8

ಹೆಂಗಸರು ಬಾಯಿಬಿಟ್ಟು ಹೇಳದ ಒಂದು ತೊಂದರೆ ಇದೆ. ಕೆಮ್ಮಿದ್ರೆ, ಸೀನಿದ್ರೆ, ಜೋರಾಗಿ ನಕ್ಕರೆ ಮೂತ್ರ ಸೋರೋದು. ಹೆರಿಗೆ ಆದ್ಮೇಲೆ, ವಯಸ್ಸಾದ್ಮೇಲೆ ‘ಇದೆಲ್ಲ ಇದ್ದಿದ್ದೇ’ ಅಂತ ಸುಮ್ಮನಾಗ್ತಾರೆ. ಮದುವೆಮನೆಗೆ, ದೂರದ ಬಸ್ ಪ್ರಯಾಣಕ್ಕೆ ಬರಲ್ಲ ಅಂತಾರೆ. ನಾವು ‘ಅಮ್ಮನಿಗೆ ಈಗ ಎಲ್ಲೂ ಹೋಗೋಕೆ ಆಸಕ್ತಿ ಇಲ್ಲ’ ಅಂದುಕೊಳ್ತೀವಿ.

1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ ಇದಕ್ಕೆ ಆಪರೇಷನ್ ಇಲ್ಲದ ದಾರಿ ತೋರಿಸಿದರು. ಕಿಬ್ಬೊಟ್ಟೆಯ ತಳದಲ್ಲಿ ಮೂತ್ರಕೋಶ, ಗರ್ಭಕೋಶಕ್ಕೆ ಆಸರೆಯಾಗಿರೋ ಸ್ನಾಯುಗಳನ್ನ ಬಿಗಿಹಿಡಿದು ಸಡಿಲಿಸೋ ವ್ಯಾಯಾಮ. ಸರಿಯಾದ ಸ್ನಾಯುವನ್ನೇ ಬಿಗಿ ಮಾಡ್ತಿದ್ದೀರಾ ಅಂತ ತೋರಿಸೋಕೆ ಒತ್ತಡ ಅಳೆಯೋ ಉಪಕರಣವನ್ನೂ ಮಾಡಿದರು. ಅದೂ ಕೈಕಾಲಿನ ಥರದ್ದೇ ಸ್ನಾಯು. ಕೆಲಸ ಕೊಟ್ಟರೆ ಬಲ ಬರುತ್ತೆ.

ಇವತ್ತು ಇದನ್ನೇ ಹೇಳಿಕೊಡೋ ಫಿಸಿಯೋಥೆರಪಿಸ್ಟ್‌ಗಳು ಇದ್ದಾರೆ. ಅಮ್ಮನಿಗೆ ಹೇಳಿ. ನಾಚಿಕೆ ಪಡೋ ವಿಷಯ ಅಲ್ಲ.

📌 ಭಾಗ 7/8

‘ಸರಿ, ಆದ್ರೆ 90 ವರ್ಷಕ್ಕೆ ಏನು ವ್ಯಾಯಾಮ?’

1990. ಬೋಸ್ಟನ್‌ನ ಒಂದು ವೃದ್ಧರ ಆರೈಕೆ ಕೇಂದ್ರ. ಡಾಕ್ಟರ್ ಮರಿಯಾ ಫಿಯಾಟರೋನ್ ಮತ್ತು ತಂಡ 86ರಿಂದ 96 ವರ್ಷದ ಹತ್ತು ಜನರಿಗೆ ಕಾಲಿನಿಂದ ಭಾರ ಎತ್ತಿಸಿದರು. ಹೌದು, ವೇಟ್ ಟ್ರೈನಿಂಗ್! ಎಂಟು ವಾರ ಪೂರೈಸಿದ ಒಂಬತ್ತು ಜನರ ತೊಡೆಯ ಬಲ ಸರಾಸರಿ 174% ಹೆಚ್ಚಾಯ್ತು. ಅಂದ್ರೆ ಮೊದಲಿದ್ದಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ.

1997. ನ್ಯೂಜಿಲೆಂಡ್‌ನ ಡ್ಯುನೆಡಿನ್. 80 ದಾಟಿದ 233 ಅಜ್ಜಿಯರು. ಅರ್ಧದಷ್ಟು ಜನರ ಮನೆಗೆ ಮೊದಲ ಎರಡು ತಿಂಗಳಲ್ಲಿ ಫಿಸಿಯೋಥೆರಪಿಸ್ಟ್ ನಾಲ್ಕು ಸಲ ಹೋಗಿ ಕಾಲಿನ ಬಲಕ್ಕೆ, ಸಮತೋಲನಕ್ಕೆ ವ್ಯಾಯಾಮ ಹೇಳಿಕೊಟ್ಟರು. ಆಮೇಲೆ ಅಜ್ಜಿಯರೇ ಮುಂದುವರಿಸಿದರು. ಒಂದು ವರ್ಷದ ಲೆಕ್ಕ: ವ್ಯಾಯಾಮ ಹೇಳಿಕೊಡದ ಗುಂಪಿನಲ್ಲಿ 152 ಸಲ ಬಿದ್ದಿದ್ದರು. ವ್ಯಾಯಾಮದ ಗುಂಪಿನಲ್ಲಿ 88.

ಜಿಮ್ ಇಲ್ಲ, ಮಷೀನ್ ಇಲ್ಲ. ಕಣಕಾಲಿಗೆ ಕಟ್ಟೋ ಸಣ್ಣ ತೂಕ, ಸ್ವಂತ ಮನೆ. ಬಚ್ಚಲಲ್ಲಿ ಒಂದು ಸಲ ಜಾರಿ ಬಿದ್ದು ಹಾಸಿಗೆ ಹಿಡಿದ ಅಜ್ಜಿ ನಿಮ್ಮ ಬೀದಿಯಲ್ಲೂ ಇರ್ತಾರೆ. ಹಾಗಾಗಿ ಈ ಎರಡು ಅಂಕಿಗಳ ನಡುವಿನ ಅಂತರ ಎಷ್ಟು ದೊಡ್ಡದು ಅಂತ ನಿಮಗೇ ಗೊತ್ತು.

📌 ಭಾಗ 8/8

ನಮ್ಮ ಮನೆಗಳಿಗೆ ಬರೋಣ. ಜೀವಮಾನವಿಡೀ ನೀರು ಹೊತ್ತು, ರುಬ್ಬಿ, ಬಗ್ಗಿ ಗುಡಿಸಿದ ಹೆಂಗಸಿಗೆ ಆಗ ಯಾರೂ ‘ಸ್ವಲ್ಪ ಕೂತ್ಕೋ’ ಅನ್ನಲಿಲ್ಲ. 65 ದಾಟಿದ ಕೂಡಲೇ ಎಲ್ಲರೂ ‘ಏಳಬೇಡ’ ಅಂತೀವಿ. ವಿಶ್ರಾಂತಿ ಬೇಕಿದ್ದಾಗ ಕೊಡಲಿಲ್ಲ. ಈಗ ಬಲ ಉಳಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಕುರ್ಚಿಗೆ ಕೂರಿಸ್ತಿದ್ದೀವಿ.

‘ಮನೆಗೆಲಸ ಮಾಡ್ತಾರಲ್ಲ, ಸಾಲದಾ?’ ಒಳ್ಳೇದೇ, ಆದರೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಹೇಳಿದ್ದು ಮೂರು: ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ, ಕನಿಷ್ಠ ಮೂರು ದಿನ ಸಮತೋಲನದ್ದು. ಗುಡಿಸಿ ಒರೆಸೋದರಿಂದ ಮೊದಲನೆಯದು ಒಂದಿಷ್ಟು ಸಿಗಬಹುದು. ಉಳಿದೆರಡನ್ನ ಬೇಕೂಂತಲೇ ಮಾಡಬೇಕು.

ಶುರು ಮಾಡೋಕೆ: ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ಏಳೋದು, ನಿಧಾನಕ್ಕೆ ಕೂರೋದು. ಅಡುಗೆಮನೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತೋದು. ನೀವು ಪಕ್ಕದಲ್ಲೇ ನಿಂತಿರಿ, ಫೋನ್ ಜೇಬಲ್ಲಿರಲಿ. ಹೃದಯದ ತೊಂದರೆ, ತಲೆಸುತ್ತು, ಇತ್ತೀಚೆಗೆ ಆಪರೇಷನ್ ಇದ್ರೆ ಮೊದಲು ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ.

ಜಾಕೋಬಿ ಎಣಿಸಿದ ಹಾಗೆ ನೀವೂ ಎಣಿಸಿ. ಇವತ್ತು ಕೈ ಊರದೆ ಎಷ್ಟು ಸಲ ಏಳ್ತಾರೆ, ಎಂಟು ವಾರ ಆದ್ಮೇಲೆ ಎಷ್ಟು ಸಲ? ಕ್ಯಾಲೆಂಡರ್ ಮೇಲೆ ಬರೆದಿಡಿ. ಎಂಟು ವಾರ ಆದ್ಮೇಲೆ ಎರಡೂ ಅಂಕಿ ಕಾಮೆಂಟ್‌ನಲ್ಲಿ ಹಾಕಿ, ನಾನು ಕಾಯ್ತಿರ್ತೀನಿ 🙏

#ಇತಿಹಾಸದಪುಟ #ಫಿಸಿಯೋಥೆರಪಿ #ಅಜ್ಜಿಆರೋಗ್ಯ #ಕನ್ನಡದಲ್ಲಿಓದಿ