ರಾಮನ್‌ಗೂ ಮೊದಲು: ಮೈಸೂರು ಸಂಸ್ಥಾನದಲ್ಲಿ ಭೌತಶಾಸ್ತ್ರದ ಪದವಿ ಶಿಕ್ಷಣ

ಕರ್ನಾಟಕದ ಭೌತಶಾಸ್ತ್ರದ ಚರಿತ್ರೆಯನ್ನು ಸಾಮಾನ್ಯವಾಗಿ 1933ರಿಂದ ಆರಂಭಿಸುತ್ತಾರೆ. ಆ ವರ್ಷ ಸಿ.ವಿ. ರಾಮನ್ ಕಲ್ಕತ್ತ ಬಿಟ್ಟು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಸಂಸ್ಥೆಯಲ್ಲಿ ಭೌತಶಾಸ್ತ್ರ ವಿಭಾಗ ತೆರೆದದ್ದೂ ಆಗಲೇ. ಈ ಆರಂಭವನ್ನು ಒಪ್ಪುವುದು ನನಗೆ ಕಷ್ಟ. ಅದಕ್ಕೆ ಹತ್ತು ವರ್ಷ ಮೊದಲೇ, ಅದೇ ಊರಿನ ಸೆಂಟ್ರಲ್ ಕಾಲೇಜಿನಲ್ಲಿ, ಪದವಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸುತ್ತಿದ್ದ ಅಧ್ಯಾಪಕರಿದ್ದರು. ನಮ್ಮ ಭೌತಶಾಸ್ತ್ರದ ಬೇರು ಇರುವುದು ಪದವಿ ತರಗತಿಯಲ್ಲಿ.

1858ರಲ್ಲಿ ಹೈಸ್ಕೂಲಾಗಿ ಶುರುವಾದ ಈ ಸಂಸ್ಥೆ 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರು ಪಡೆಯಿತು. ಪರೀಕ್ಷೆ, ಪದವಿ ಎರಡೂ ಮದರಾಸು ವಿಶ್ವವಿದ್ಯಾನಿಲಯದವು. ಇಲ್ಲಿ 1881ರಲ್ಲಿ ಬಿ.ಎ. ಮುಗಿಸಿದ ಎಂ. ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಲು ಪುಣೆಗೆ ಹೋಗಬೇಕಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯತೊಡಗಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ವಿದ್ಯುತ್ತು ಬಂದಿತ್ತು, ಅದನ್ನು ಅರಿತು ನಡೆಸುವವರನ್ನು ತಯಾರುಮಾಡುವ ಪದವಿ ಕಾಲೇಜು ಸಂಸ್ಥಾನದಲ್ಲಿ ಇರಲಿಲ್ಲ. 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆ ಆಲ್‌ಫ್ರೆಡ್ ಹೇ ಅವರ ಕೈಕೆಳಗೆ ವಿದ್ಯುತ್ ತಂತ್ರಜ್ಞಾನ ವಿಭಾಗವನ್ನೇನೋ ತೆರೆಯಿತು. ಆದರೆ ಆ ಸಂಸ್ಥೆಯ ಉದ್ದೇಶವೇ ಪದವಿಯಾಚೆಗಿನ ವ್ಯಾಸಂಗ ಮತ್ತು ಸಂಶೋಧನೆ.

ಈ ಕೊರತೆ ತುಂಬಿದ್ದು ಎರಡು ವರ್ಷಗಳಲ್ಲಿ. 1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1917ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬಂತು. ಸೆಂಟ್ರಲ್ ಕಾಲೇಜು ಹೊಸ ವಿಶ್ವವಿದ್ಯಾನಿಲಯದ ವಿಜ್ಞಾನ ಕೇಂದ್ರವಾಯಿತು. ಮುಂದೆ ಬೇರೆಬೇರೆ ದಾರಿ ಹಿಡಿದ ಭೌತಶಾಸ್ತ್ರ ಮತ್ತು ಎಂಜಿನಿಯರಿಂಗ್ ಎರಡೂ ಆಗ ಒಂದೇ ಊರಿನಲ್ಲಿ, ಒಂದೇ ವಿಶ್ವವಿದ್ಯಾನಿಲಯದ ಕೆಳಗೆ ಬೆಳೆದವು.

ಕಾಲೇಜಿನ ಭೌತಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಇ.ಪಿ. ಮೆಟ್‌ಕಾಫ್ ಮತ್ತು ಅವರ ಸಹೋದ್ಯೋಗಿ ಬಿ. ವೆಂಕಟೇಶಾಚಾರ್, ವಿದ್ಯುತ್ತಿನಿಂದ ಬೆಳಗುವ ಪಾದರಸದ ಆವಿ ಬೆಳಕನ್ನು ಹೇಗೆ ಹೀರಿಕೊಳ್ಳುತ್ತದೆಂದು ಅಭ್ಯಸಿಸಿದರು. ರಾಯಲ್ ಸೊಸೈಟಿಯ ಪತ್ರಿಕೆ 1921ರಲ್ಲಿ ಅದನ್ನು ಅಚ್ಚುಮಾಡಿತು. ಈ ವಿಷಯದ ಆಯ್ಕೆ ಗಮನಾರ್ಹ. ಪಾದರಸದ ದೀಪ, ರೋಹಿತಮಾಪಕ, ಅಳೆಯಬೇಕಾದ ಬಣ್ಣದ ಗೆರೆಗಳು: ಪದವಿ ವಿದ್ಯಾರ್ಥಿ ಪ್ರಾಯೋಗಿಕ ತರಗತಿಯಲ್ಲಿ ಇಂದಿಗೂ ಎದುರಾಗುವುದು ಇವನ್ನೇ. ದೊಡ್ಡ ಯಂತ್ರಾಗಾರವಿಲ್ಲದ ಕಾಲೇಜು ತನ್ನಲ್ಲಿರುವ ಸಲಕರಣೆಯ ಜಾಡಿನಲ್ಲೇ ಮುಂದುವರಿದು ಹೊಸದನ್ನು ಕಾಣಬಹುದಾದ ಕ್ಷೇತ್ರ ರೋಹಿತವಿಜ್ಞಾನ.

ಆ ಜಾಡು ವೆಂಕಟೇಶಾಚಾರ್ ಅವರನ್ನು ಪರಮಾಣುವಿನ ಬೀಜದವರೆಗೆ ಒಯ್ದಿತು. ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣುಗಳು, ಎಂದರೆ ಸಮಸ್ಥಾನಿಗಳು, ಸೂಸುವ ಬೆಳಕಿನ ಆವರ್ತನದಲ್ಲಿ ಅತಿ ಸಣ್ಣ ವ್ಯತ್ಯಾಸವಿರುತ್ತದೆ. ಬೀಜದ ಗಿರಕಿಯೂ ಗೆರೆಯನ್ನು ಸೀಳುತ್ತದೆ. ಸಾಧಾರಣ ಉಪಕರಣಕ್ಕೆ ಇದು ಒಂದೇ ಗೆರೆಯಾಗಿ ಕಾಣುತ್ತದೆ. ದೀಪ ಬಿಸಿಯಾದರಂತೂ ಪರಮಾಣುಗಳ ಓಡಾಟದಿಂದ ಗೆರೆ ಅಗಲವಾಗಿ, ಒಳಗಿನ ಸೀಳುಗಳೆಲ್ಲ ಮುಚ್ಚಿಹೋಗುತ್ತವೆ. ಆದ್ದರಿಂದ ದೀಪವನ್ನು ನೀರು ಹಾಯಿಸಿ ತಂಪಾಗಿಡಬೇಕು. ವೆಂಕಟೇಶಾಚಾರ್ ಮತ್ತು ಎಲ್. ಸೀಬಯ್ಯ ಇಂಥ ವಿಧಾನದಿಂದ ಇರಿಡಿಯಂ ಲೋಹದ ಗೆರೆಗಳನ್ನು ಬಿಡಿಸಿ ನೋಡಿ, ಅದಕ್ಕೆ 191 ಮತ್ತು 193 ದ್ರವ್ಯಸಂಖ್ಯೆಯ ಎರಡು ಸಮಸ್ಥಾನಿಗಳಿವೆ ಎಂದು 1935ರಲ್ಲಿ ಪ್ರಕಟಿಸಿದರು. ನಿಸರ್ಗದಲ್ಲಿ ದೊರೆಯುವ ಇರಿಡಿಯಂನಲ್ಲಿ ಇರುವುದು ಈ ಎರಡೇ. ಪ್ರಬಂಧ ಬಂದದ್ದು ಹಿಂದಿನ ವರ್ಷವಷ್ಟೇ ರಾಮನ್ ಸ್ಥಾಪಿಸಿದ್ದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ರಾಮನ್ ಆಗಮನದಿಂದ ಈ ಕೆಲಸಕ್ಕೆ ಹತ್ತಿರದ ವೇದಿಕೆ ಸಿಕ್ಕಿತು, ನಿಜ. ಆದರೆ ಕೆಲಸದ ಕ್ರಮ, ಕಣ್ಣಿನ ಪಳಗಿಕೆ ಕಾಲೇಜಿನ ಸ್ವಂತದ್ದು. ಧಾತುಗಳ ಸಮಸ್ಥಾನಿಗಳನ್ನು ಕಂಡವರ ಪಟ್ಟಿಯಲ್ಲಿ ಈ ಇಬ್ಬರ ಹೆಸರಿದೆ; ನಮ್ಮ ಪಠ್ಯಪುಸ್ತಕಗಳು ಇದನ್ನು ಹೇಳಬೇಕು.

ಇದೇ ವಿಭಾಗದ ಬೆಳ್ಳಾವೆ ವೆಂಕಟನಾರಣಪ್ಪನವರನ್ನು ಕನ್ನಡಿಗರು ಪಂಪಭಾರತದ ಸಂಪಾದಕರೆಂದು ಬಲ್ಲರು. ವೃತ್ತಿಯಿಂದ ಅವರು ಭೌತಶಾಸ್ತ್ರದ ಮೇಷ್ಟ್ರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ ಅವರು ಆರಂಭಿಸಿದ ‘ವಿಜ್ಞಾನ’ ಮಾಸಪತ್ರಿಕೆ ಬದುಕಿದ್ದು ಎರಡೇ ವರ್ಷ. ಇಂಗ್ಲಿಷಿನಲ್ಲಿ ಪಾಠ ಹೇಳಿ, ಅದೇ ವಿಷಯವನ್ನು ಊರಿನವರಿಗೆ ಕನ್ನಡದಲ್ಲಿ ಬರೆಯುವ ಈ ಪರಿಪಾಠವನ್ನು ಮುಂದೆ ಆರ್.ಎಲ್. ನರಸಿಂಹಯ್ಯನವರಂಥ ಭೌತಶಾಸ್ತ್ರ ಪ್ರಾಧ್ಯಾಪಕರು ಬೆಳೆಸಿದರು.

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಬೀಜ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಮರಳಿ ಬಂದದ್ದು ಅದೇ ಪದವಿ ಕಾಲೇಜಿಗೆ. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ, ಸಂಶೋಧನಾನಿರತ ವಿಜ್ಞಾನಿಗಳ ಮಾತನ್ನು ಬಿ.ಎಸ್‌ಸಿ. ವಿದ್ಯಾರ್ಥಿಗಳು ಮನೆಬಾಗಿಲಲ್ಲೇ ಕೇಳುವಂತೆ ಮಾಡಿತು.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಬಂತು. ಕಾಲಕ್ರಮದಲ್ಲಿ ಸ್ನಾತಕೋತ್ತರ ಭೌತಶಾಸ್ತ್ರ ನಗರದಾಚೆಯ ಜ್ಞಾನಭಾರತಿಗೆ ಹೋಯಿತು. ಜಾಗ ಬೇಕಿತ್ತು, ಹೋದದ್ದು ಅನಿವಾರ್ಯವೇ. ಆದರೆ ಸಂಶೋಧನೆ ಅಲ್ಲಿ, ಪದವಿ ಪಾಠ ಇಲ್ಲಿ ಎಂಬ ವಿಂಗಡಣೆ ಗಟ್ಟಿಯಾಗಿ, ಪದವಿ ಕಾಲೇಜಿನ ಪ್ರಯೋಗಾಲಯ ಪರೀಕ್ಷೆಗೆ ಬೇಕಾದ ಪ್ರಯೋಗಗಳಿಗೆ ಸೀಮಿತವಾಯಿತು ಎಂಬುದು ನನ್ನ ತೀರ್ಮಾನ. ಎಂಜಿನಿಯರಿಂಗಿನ ಕಡೆಗಿನ ಸೇತುವೆ ಮಾತ್ರ ಪೂರ್ತಿ ಮುರಿಯಲಿಲ್ಲ. ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್ ಕೂಡಿದ ಪಿಎಂಇ ಬಿ.ಎಸ್‌ಸಿ. ಪದವಿಯಲ್ಲಿ ನೆಲೆಯೂರಿತು, ಬಿ.ಎಸ್‌ಸಿ. ಮುಗಿಸಿದವರಿಗೆ ಭಾರತೀಯ ವಿಜ್ಞಾನ ಸಂಸ್ಥೆ ಬಹುಕಾಲ ಮೂರು ವರ್ಷದ ಬಿ.ಇ. ನಡೆಸಿತು. ಅದೇ ಸಂಸ್ಥೆ 2011ರಲ್ಲಿ, ಪಿಯುಸಿ ಮುಗಿಸಿ ಬಂದವರಿಗೆ ನಾಲ್ಕು ವರ್ಷದ ವಿಜ್ಞಾನ ಪದವಿ ತೆರೆದು, ಸಂಶೋಧಕರನ್ನೇ ಪದವಿ ತರಗತಿಯ ಮುಂದೆ ನಿಲ್ಲಿಸಿತು. ವೆಂಕಟೇಶಾಚಾರ್ ಸೆಂಟ್ರಲ್ ಕಾಲೇಜಿನಲ್ಲಿ ನಡೆಸಿದ್ದೂ ಅಂಥ ತರಗತಿಯನ್ನೇ.